ಹಿಮದಡಿಯ ಹಸಿರು

ಬೂತಾಯಿ ಮೀನು ಕೊಯ್ದು ಅಭ್ಯಾಸ ಇರುವವರು ಇದನ್ನು ನೋಡಿರುತ್ತಾರೆ. ಹೊಟ್ಟೆಯ ಕಪ್ಪು ಪೊರೆ ಸೀಳಿದ ಕೂಡಲೇ ಕರುಳಿನೊಂದಿಗೆ ಹಸಿರೂ ಕಂದೂ ಬೆರೆತ ಒಂದು ಲೇಪ ಹೊರಗೆ ಬರುತ್ತದೆ. ಮೆಟ್ಟುಕತ್ತಿಯ ಅಲಗಿಗೆ ಅಂಟಿಕೊಂಡರೆ ಒಂದು ಚೆಂಬು ನೀರು ಹೊಯ್ದರೂ ಪೂರ್ತಿ ಹೋಗದು. ಮಂಜೇಶ್ವರದ ನಮ್ಮ ಮನೆಯ ಹಿತ್ತಿಲಲ್ಲಿ ಅಮ್ಮ ಅದನ್ನು ಬೆರಳಲ್ಲಿ ಬಳಿದು ಬೆಕ್ಕಿಗೆ ಎಸೆಯುತ್ತಿದ್ದರು. ಅದು ಏನೆಂದು ನಾನು ಬಹಳ ವರ್ಷ ಕೇಳಿರಲೇ ಇಲ್ಲ. ಈಗ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಹೋದ ಸೋಣ ತಿಂಗಳಲ್ಲಿ, ಟ್ರಾಲಿಂಗ್ ನಿಷೇಧ ಮುಗಿದು ಮೀನು ಬರತೊಡಗಿದಾಗ, ಆ ಲೇಪದ ಒಂದು ಚಿಟಿಕೆಯನ್ನು ಉಪ್ಪುನೀರಿನಲ್ಲಿ ಕದಡಿ ಶಾಲೆಯ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ.

ಕಂಡದ್ದು ಒಡೆದ ಗಾಜಿನ ಬಳೆಗಳ ರಾಶಿಯಂಥದ್ದು. ಕೆಲವು ನಾಣ್ಯದಂತೆ ದುಂಡಗೆ, ಕೆಲವು ಸೂಜಿಯಂತೆ, ಕೆಲವು ಒಂದರ ಮಗ್ಗುಲಿಗೆ ಒಂದು ಅಂಟಿಕೊಂಡು ರಿಬ್ಬನ್ನಿನ ತುಂಡಿನಂತೆ. ಮೀನಿನ ಹೊಟ್ಟೆಯಲ್ಲಿ ಕರಗದೆ ಉಳಿದ ಚಿಪ್ಪುಗಳು ಅವು. ಮಕ್ಕಳು ಸಾಲಾಗಿ ಬಂದು ಒಂದೊಂದು ಕಣ್ಣು ಮುಚ್ಚಿ ನೋಡಿದರು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಜಾಗ ಬಿಡಲಿಲ್ಲ. “ಟೀಚರ್, ಇದು ಹಿಮ ಇರುವ ಕಡಲಲ್ಲೂ ಉಂಟಾ? ಚಳಿಗೆ ಸಾಯುವುದಿಲ್ವಾ?” ಎಂದು ಕೇಳಿದಳು. ಉಂಟು, ಸಾಯುವುದಿಲ್ಲ ಎಂದೆ. ಬೆಲ್ಲು ಹೊಡೆಯಿತು. ಅವಳಿಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಗಾಜಿನ ಚಿಪ್ಪಿನ ಜೀವಿಗಳ ಹೆಸರು ಡಯಾಟಮ್. ಮರಳಿನಲ್ಲೂ ಗಾಜಿನಲ್ಲೂ ಇರುವ ಸಿಲಿಕಾವನ್ನು ಕಡಲ ನೀರಿನಿಂದ ಹೀರಿಕೊಂಡು ತಮ್ಮ ಸುತ್ತ ಪೆಟ್ಟಿಗೆ ಕಟ್ಟಿಕೊಳ್ಳುವ ಒಂಟಿಕೋಶದ ಪಾಚಿ ಇವು. ಹೀಗೆ ನೀರಿನಲ್ಲಿ ತೇಲುತ್ತಾ ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಎಲ್ಲ ಸೂಕ್ಷ್ಮಜೀವಿಗಳಿಗೂ ಒಟ್ಟಾಗಿ ಸಸ್ಯಪ್ಲವಕ ಎನ್ನುತ್ತೇವೆ. ಪುಸ್ತಕಗಳಲ್ಲಿ ಫೈಟೋಪ್ಲಾಂಕ್ಟನ್ ಎಂದೂ ಬರೆದಿರುತ್ತದೆ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಇವುಗಳ ಕೆಲಸ. ಆದರೆ ಯಾವುದೇ ಒಂದು ದಿನ ತಕ್ಕಡಿಗೆ ಹಾಕಿದರೆ ಜಗತ್ತಿನ ಸಸ್ಯರಾಶಿಯ ಶೇ. 1ರಷ್ಟೂ ತೂಗುವುದಿಲ್ಲ. ತೆಂಗಿನ ಮರ ವರ್ಷಗಟ್ಟಲೆ ಕಾಂಡ ಬೆಳೆಸುತ್ತದೆ, ಕೂಡಿಡುತ್ತದೆ. ಇವುಗಳಿಗೆ ಕೂಡಿಡುವ ಪುರುಸೊತ್ತಿಲ್ಲ. ಅನುಕೂಲ ಇದ್ದರೆ ಒಂದೆರಡು ದಿನದಲ್ಲಿ ಒಂದು ಎರಡಾಗುತ್ತದೆ, ಅಷ್ಟೇ ಬೇಗ ಯಾರದೋ ಹೊಟ್ಟೆ ಸೇರುತ್ತದೆ. ನಮ್ಮ ಮಲಬಾರ್ ಕರಾವಳಿಯಲ್ಲಿ ಫ್ರಜಿಲಾರಿಯಾ ಓಷಿಯಾನಿಕಾ ಎಂಬ ರಿಬ್ಬನ್ ಆಕಾರದ ಡಯಾಟಮ್ ಹೇರಳವಾದಾಗ ಬೂತಾಯಿಯೂ ಹೇರಳವಾಗುತ್ತದೆ ಎಂದು 1955ರಲ್ಲೇ ಸಂಶೋಧಕರು ಬರೆದಿದ್ದರು. ಅದರ ನಂಟರ ಪೈಕಿಯ ಫ್ರಜಿಲಾರಿಯಾಪ್ಸಿಸ್ ಸಿಲಿಂಡ್ರಸ್ ಇರುವುದು ಎರಡೂ ಧ್ರುವಗಳ ಹಿಮದಲ್ಲಿ.

ಅಷ್ಟು ಚಳಿಯಲ್ಲಿ, ವರ್ಷದ ಅರ್ಧ ಕತ್ತಲಲ್ಲಿ, ಅವು ಬದುಕುವುದು ಹೇಗೆ? ಚಳಿ ಅವುಗಳಿಗೆ ದೊಡ್ಡ ಅಡ್ಡಿಯೇ ಅಲ್ಲ. ಕಡಲ ನೀರು ಹೆಪ್ಪುಗಟ್ಟುವುದು ಸುಮಾರು −1.8 ಡಿಗ್ರಿಯಲ್ಲಿ; ಅದರೊಳಗೇ ಬೆಳೆಯಬಲ್ಲ ತಳಿಗಳಿವೆ. ಸಸ್ಯಪ್ಲವಕಕ್ಕೆ ಬೇಕಾದದ್ದು ಎರಡು: ಮೇಲಿನಿಂದ ಬರುವ ಬೆಳಕು, ಕೆಳಗಿನಿಂದ ಬರುವ ಗೊಬ್ಬರ. ಗೊಬ್ಬರ ಎಂದರೆ ನೈಟ್ರೇಟ್, ಫಾಸ್ಫೇಟ್, ಸಿಲಿಕಾ, ಒಂದಿಷ್ಟು ಕಬ್ಬಿಣ. ಸತ್ತದ್ದೆಲ್ಲ ಕೆಳಗೆ ಇಳಿದು ಕೊಳೆಯುವುದರಿಂದ ಗೊಬ್ಬರದ ಉಗ್ರಾಣ ಯಾವಾಗಲೂ ಆಳದಲ್ಲಿ. ಬೆಳಕು ಮಾತ್ರ ಮೇಲಿನ ನೂರು ಮೀಟರ್ ಆಸುಪಾಸಿನೊಳಗೇ ಮುಗಿದುಹೋಗುತ್ತದೆ. ಇವೆರಡೂ ಒಂದೇ ಕಡೆ, ಒಂದೇ ಹೊತ್ತಿಗೆ ಸಿಗಬೇಕು.

ಕಾಸರಗೋಡಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ನಮಗೆ ಬೆಳಕಿನ ಬರ ಇಲ್ಲ, ಗೊಬ್ಬರದ ಬರ ಉಂಟು. ಮಳೆಗಾಲದ ಗಾಳಿ ದಡದ ಮೇಲ್ನೀರನ್ನು ಆಚೆ ತಳ್ಳಿ ಆಳದ ತಣ್ಣನೆಯ ನೀರನ್ನು ಎಳೆದು ತಂದಾಗ ಮಾತ್ರ ನಮ್ಮ ಕಡಲು ಹಸಿರಾಗುತ್ತದೆ. ಧ್ರುವದಲ್ಲಿ ಇದಕ್ಕೆ ತಿರುಗುಮುರುಗು. ಚಳಿಗಾಲವಿಡೀ ಬಿರುಗಾಳಿ ಕಡಲನ್ನು ಬುಡಮೇಲಾಗಿ ಕಡೆಯುತ್ತದೆ, ಉತ್ತು ಗೊಬ್ಬರ ಹಾಕಿದ ಗದ್ದೆಯಂತೆ ಮೇಲ್ಪದರ ಸಿದ್ಧವಾಗುತ್ತದೆ. ಬೆಳಕು ಮಾತ್ರ ಇಲ್ಲ. ಬೆಳಕು ಮರಳಿದರೂ ಕಡೆಯುವುದು ನಿಲ್ಲುವವರೆಗೆ ಬೆಳೆ ಬಾರದು. ತೇಲುವ ಕೋಶಕ್ಕೆ ತನ್ನಿಷ್ಟದ ಜಾಗದಲ್ಲಿ ನಿಲ್ಲುವ ಶಕ್ತಿ ಇಲ್ಲ. ನೀರು ಎಷ್ಟು ಆಳಕ್ಕೆ ಕಡೆಯುತ್ತದೋ ಅಷ್ಟು ಆಳಕ್ಕೆ ಅದೂ ಹೋಗಬೇಕು. ಮೇಲೆ ಇದ್ದಾಗ ಗಳಿಸಿದ್ದು ಕೆಳಗೆ ಕತ್ತಲಲ್ಲಿ ಉಸಿರಾಡುವುದಕ್ಕೇ ಖರ್ಚಾದರೆ ಬೆಳೆಯುವುದು ಯಾವುದರಿಂದ? ನಾರ್ವೆಯ ಸಾಗರವಿಜ್ಞಾನಿ ಹರಾಲ್ಡ್ ಸ್ವೆರ್ಡ್ರುಪ್ 1953ರಲ್ಲಿ ಈ ಜಮಾಖರ್ಚನ್ನು ಗಣಿತಕ್ಕೆ ಇಳಿಸಿದರು. ಇವತ್ತಿಗೂ ಅದರ ತಿದ್ದುಪಡಿಗಳ ಸುತ್ತಲೇ ವಾದ ನಡೆಯುತ್ತದೆ.

ವಸಂತದಲ್ಲಿ ಹಿಮ ಕರಗಿದಾಗ ಈ ಗಂಟು ಬಿಚ್ಚುತ್ತದೆ. ಕರಗಿದ ನೀರಿನಲ್ಲಿ ಉಪ್ಪು ಕಡಿಮೆ, ಆದ್ದರಿಂದ ಹಗುರ. ಸಾರಿನ ಮೇಲೆ ಎಣ್ಣೆ ನಿಲ್ಲುವ ಹಾಗೆ ಅದು ಉಪ್ಪುನೀರಿನ ಮೇಲೆ ತೆಳ್ಳಗೆ ಹರಡಿ ನಿಲ್ಲುತ್ತದೆ. ಅದರಲ್ಲಿ ಸಿಕ್ಕ ಕೋಶಗಳಿಗೆ ಮತ್ತೆ ಆಳಕ್ಕೆ ಹೋಗುವ ಶಿಕ್ಷೆ ಇಲ್ಲ. ಕೆಲವೇ ವಾರಗಳಲ್ಲಿ ಉಪಗ್ರಹದಿಂದ ಕಾಣುವಷ್ಟು ಹಸಿರು ಹಬ್ಬುತ್ತದೆ. ಧ್ರುವದ ಕಡಲಿನ ವರ್ಷದ ಊಟ ಬಹುಪಾಲು ಆ ಕೆಲವು ವಾರಗಳಲ್ಲೇ ಸಿದ್ಧವಾಗುತ್ತದೆ.

ಹಿಮದ ಒಳಗೂ ಜೀವ ಉಂಟು. ಕಡಲ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ಹಿಂಡುತ್ತದೆ. ಹಿಂಡಿದ ಕಡು ಉಪ್ಪುನೀರು ಹಿಮದೊಳಗೆ ಕೂದಲೆಳೆಯಂಥ ಕಾಲುವೆಗಳನ್ನು ಮಾಡಿಕೊಂಡು ಉಳಿಯುತ್ತದೆ. ಫ್ರಜಿಲಾರಿಯಾಪ್ಸಿಸ್‌ನಂಥ ಡಯಾಟಮ್‌ಗಳು ಆ ಕಾಲುವೆಗಳಲ್ಲಿ, ಹಿಮದ ಹರಳು ಬೆಳೆಯದಂತೆ ತಡೆಯುವ ಪ್ರೋಟೀನನ್ನು ಸುರಿಸುತ್ತಾ ಬದುಕುತ್ತವೆ. ಹಿಮದ ಹಾಳೆಯನ್ನು ಮಗುಚಿದರೆ ತಳ ಚಹಾದ ಕಲೆಯ ಬಣ್ಣದಲ್ಲಿರುತ್ತದೆ.

ಇಷ್ಟು ತಿಳಿದರೆ ಹವಾಮಾನ ಬಿಸಿಯಾದಾಗ ಏನಾಗುತ್ತದೆ ಎಂಬ ಪ್ರಶ್ನೆಯೊಳಗೆ ಇಳಿಯಬಹುದು. ಮೊದಲು ಬೆಳಕಿನ ಮಾತು. ನಮ್ಮ ಹಂಚಿನ ಮನೆಗಳ ಅಟ್ಟ ಯಾರಿಗೆ ನೆನಪಿಲ್ಲ? ಹಗಲಲ್ಲೂ ಕತ್ತಲೆ. ಆದರೆ ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು ಇದ್ದರೆ ಅದರ ಕೆಳಗೆ ಅಡಿಕೆಯ ಗೋಣಿ, ತಾಮ್ರದ ಹಂಡೆ, ಗಾಳಿಯಲ್ಲಾಡುವ ಧೂಳು ಸಹ ಕಾಣುತ್ತದೆ. ಧ್ರುವದ ಕಡಲಿಗೆ ಹಿಮವೇ ಮಾಡು. ಮೇಲೆ ಹೊಸ ಮಂಜು ಬಿದ್ದಿದ್ದರೆ ಬಿಸಿಲಿನ ಶೇ. 80ರಿಂದ 90ರಷ್ಟು ಆಕಾಶಕ್ಕೇ ವಾಪಸು ಹೋಗುತ್ತದೆ. ಬೇಸಗೆಯಲ್ಲಿ ಮಂಜು ಕರಗಿ ಹಿಮದ ಮೇಲೆ ಅಲ್ಲಲ್ಲಿ ನೀರು ನಿಂತರೆ ಆ ಹೊಂಡಗಳೆಲ್ಲ ಗಾಜಿನ ಹಂಚಾಗುತ್ತವೆ. ಬೆಳಕು ಅವುಗಳ ಮೂಲಕ ಕೆಳಗಿಳಿಯುತ್ತದೆ. ತೆರೆದ ನೀರಾದರೆ ಬಿಸಿಲಿನ ಶೇ. 6ರ ಆಸುಪಾಸು ಮಾತ್ರ ಹಿಂದಿರುಗಿಸಿ ಉಳಿದದ್ದನ್ನೆಲ್ಲ ನುಂಗುತ್ತದೆ, ಬಿಸಿಯಾಗುತ್ತದೆ, ಇನ್ನಷ್ಟು ಹಿಮ ಕರಗಿಸುತ್ತದೆ.

2011ರ ಜುಲೈಯಲ್ಲಿ ಅಮೆರಿಕದ ಹೀಲಿ ಎಂಬ ಹಿಮ ಒಡೆಯುವ ಹಡಗು ಅಲಾಸ್ಕಾದ ವಾಯುವ್ಯಕ್ಕಿರುವ ಚುಕ್ಚಿ ಕಡಲಿನಲ್ಲಿತ್ತು. ತೆರೆದ ನೀರು ಬಿಟ್ಟು ಹಿಮದೊಳಕ್ಕೆ ನುಗ್ಗಿದಂತೆ ಹಸಿರು ಕಡಿಮೆಯಾಗುತ್ತದೆಂದು ವಿಜ್ಞಾನಿ ಕೆವಿನ್ ಅರಿಗೊ ಅವರ ತಂಡ ಎಣಿಸಿತ್ತು. ಪಠ್ಯಪುಸ್ತಕ ಹೇಳುತ್ತಿದ್ದುದೂ ಅದನ್ನೇ. ಉಪಕರಣಗಳು ತೋರಿಸಿದ್ದು ಬೇರೆಯೇ: ಸುಮಾರು ಒಂದು ಮೀಟರ್ ದಪ್ಪದ ಹಿಮದ ಕೆಳಗೆ, ಅಂಚಿನಿಂದ 100 ಕಿಲೋಮೀಟರಿಗೂ ಆಚೆಯವರೆಗೆ, ತೆರೆದ ನೀರಿಗಿಂತಲೂ ದಟ್ಟವಾದ ಹಸಿರು. ಮೊದಲೆಲ್ಲ ಅಲ್ಲಿ ವರ್ಷಗಟ್ಟಲೆ ಕರಗದೆ ಉಳಿದ ದಪ್ಪ ಹಿಮ ಇರುತ್ತಿತ್ತು. ಈಗ ಒಂದೇ ಚಳಿಗಾಲದ ತೆಳು ಹಿಮ, ಅದರ ಮೇಲೆ ನೀರಿನ ಹೊಂಡ. ಮಾಡೇ ಗಾಜಿನದ್ದಾಗಿಬಿಟ್ಟಿದೆ. ಉಪಗ್ರಹಕ್ಕೆ ಹಿಮದ ಕೆಳಗಿನ ಬಣ್ಣ ಕಾಣುವುದಿಲ್ಲ. ಅಂದರೆ ಅಲ್ಲಿಯವರೆಗಿನ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವೇ ಬಿಟ್ಟುಹೋಗಿತ್ತು.

ಎಷ್ಟು ಕಡಿಮೆ ಬೆಳಕು ಸಾಕು ಎಂಬುದು ಇನ್ನೂ ಬೆರಗಿನ ವಿಷಯ. 2019ರ ಶರತ್ಕಾಲದಿಂದ 2020ರವರೆಗೆ ಪೋಲಾರ್‌ಸ್ಟರ್ನ್ ಎಂಬ ಜರ್ಮನ್ ಹಡಗನ್ನು ಬೇಕೆಂದೇ ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಹಿಮದಲ್ಲಿ ಸಿಕ್ಕಿಸಿ ತೇಲಲು ಬಿಟ್ಟಿದ್ದರು. ಧ್ರುವದ ದೀರ್ಘ ರಾತ್ರಿ ಮುಗಿದು ಸೂರ್ಯ ದಿಗಂತದ ಮೇಲೆ ಕಾಣಿಸಿಕೊಂಡದ್ದು ಮಾರ್ಚಿಯಲ್ಲಿ. ಅದಾದ ಕೆಲವೇ ದಿನಗಳಲ್ಲಿ, ಮಂಜು ಹೊದ್ದ ಹಿಮದ ಕೆಳಗೆ, ಮನುಷ್ಯನ ಕಣ್ಣಿಗೆ ಕತ್ತಲೆಯೇ ಎನಿಸುವ ನೀರಿನಲ್ಲಿ ಪಾಚಿಗಳು ಆಗಲೇ ಬೆಳೆಯತೊಡಗಿದ್ದವು. ಈ ಪಾಠವನ್ನು ಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ರೋಮಾಂಚನವಾಗುತ್ತದೆ. ತಿಂಗಳುಗಟ್ಟಲೆ ಕತ್ತಲಲ್ಲಿದ್ದು ಯಂತ್ರವನ್ನು ಕೆಡದಂತೆ ಇಟ್ಟುಕೊಂಡು, ಬೆಳಕಿನ ಮೊದಲ ಎಳೆಗೇ ಕೆಲಸಕ್ಕಿಳಿಯುವುದೆಂದರೆ ಸಣ್ಣ ಸಂಗತಿಯಲ್ಲ.

ಆರ್ಕ್ಟಿಕ್‌ನಲ್ಲಿ ಬೇಸಗೆಯ ಕೊನೆಗೆ ಉಳಿಯುವ ಹಿಮದ ವಿಸ್ತಾರ 1980ರ ಸುಮಾರಿಗೆ 70 ಲಕ್ಷ ಚದರ ಕಿಲೋಮೀಟರ್ ಆಸುಪಾಸು ಇತ್ತು. 2012ರ ಸೆಪ್ಟೆಂಬರಿನಲ್ಲಿ ಉಳಿದದ್ದು ಸುಮಾರು 34 ಲಕ್ಷ. ಅಂದರೆ ಹೆಚ್ಚುಕಡಿಮೆ ನಮ್ಮ ದೇಶದಷ್ಟು ಅಗಲದ ಹಿಮ ಇಲ್ಲವಾಗಿ, ನಮ್ಮ ದೇಶದಷ್ಟು ಅಗಲದ್ದು ಉಳಿಯಿತು. ಮಾಡು ಹಾರಿಹೋದ ಮನೆಗೆ ಬೆಳಕು ನುಗ್ಗಿದಂತೆ ಅಲ್ಲಿ ಸಸ್ಯಪ್ಲವಕ ಹೆಚ್ಚಿತು. 1998ರಿಂದ 2018ರ ನಡುವೆ ಆರ್ಕ್ಟಿಕ್ ಸಾಗರದ ಉತ್ಪಾದನೆ ಶೇ. 57ರಷ್ಟು ಏರಿದೆ ಎಂದು ಉಪಗ್ರಹದ ಮಾಹಿತಿ ಹೇಳುತ್ತದೆ. ಮೊದಲ ಹತ್ತು ವರ್ಷ ಈ ಏರಿಕೆಗೆ ಕಾರಣ ತೆರೆದ ನೀರಿನ ವಿಸ್ತಾರ. ಆಮೇಲಿನ ಏರಿಕೆಗೆ ನೀರೇ ದಟ್ಟವಾಗಿ ಹಸಿರಾದದ್ದು. ಪಕ್ಕದ ಸಾಗರಗಳಿಂದ ಹೊಸ ಗೊಬ್ಬರ ಒಳಗೆ ಬರುತ್ತಿರಬೇಕು ಎಂಬುದು ಅದರ ಅರ್ಥ. ನದಿಗಳ ಪಾಲೂ ದೊಡ್ಡದು. ಜಗತ್ತಿನ ಕಡಲ ನೀರಿನಲ್ಲಿ ಶೇ. 1ರಷ್ಟು ಮಾತ್ರ ಇರುವ ಆರ್ಕ್ಟಿಕ್‌ಗೆ ಜಗತ್ತಿನ ನದಿನೀರಿನ ಶೇ. 10ಕ್ಕೂ ಹೆಚ್ಚು ಬಂದು ಬೀಳುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ಸುದ್ದಿಯಂತೆ ಕೇಳುತ್ತದೆ. ಹಸಿರು ಹೆಚ್ಚಾಯಿತು, ಮೀನಿಗೆ ಊಟ ಹೆಚ್ಚಾಯಿತು, ಇಂಗಾಲ ಹೀರುವುದೂ ಹೆಚ್ಚಾಯಿತು. ಪತ್ರಿಕೆಯಲ್ಲಿ ಹಾಗೆ ಓದಿದವರೂ ಇರಬಹುದು. ನನಗೆ ಹೇಳಲೇಬೇಕಾದದ್ದು ಇಲ್ಲೇ ಉಂಟು: ಎಷ್ಟು ಹಸಿರು ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಯಾರ ಹಸಿರು, ಯಾವ ವಾರದ ಹಸಿರು, ಕೊನೆಗೆ ಎಲ್ಲಿ ಹೋಗಿ ಬೀಳುವ ಹಸಿರು ಎಂದೂ ಕೇಳಬೇಕು.

ಯಾವ ವಾರ ಎಂಬುದನ್ನು ಅಡಿಕೆ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು. ಹದಿನೈದು ದಿನ ತಪ್ಪಿದರೆ ಅದೇ ಬೋರ್ಡೋ ದ್ರಾವಣ, ಅದೇ ಕೂಲಿ, ಆದರೆ ಕೊಳೆರೋಗ ಮುಂದೆ ಹೋಗಿರುತ್ತದೆ. ಆರ್ಕ್ಟಿಕ್‌ನಲ್ಲಿ ಈ ಪಾತ್ರ ಕೊಪಿಪಾಡ್ ಎಂಬ ಅಕ್ಕಿಕಾಳಿನಷ್ಟು ದೊಡ್ಡ ಪ್ರಾಣಿಪ್ಲವಕದ್ದು. ಅದರಲ್ಲಿ ಕಲಾನಸ್ ಗ್ಲೇಸಿಯಾಲಿಸ್ ಎಂಬ ಜಾತಿ ಚಳಿಗಾಲವನ್ನು ಆಳದಲ್ಲಿ ಮಲಗಿ ಕಳೆದು ಮೇಲೆ ಬರುತ್ತದೆ. ಹಿಮದ ತಳದ ಪಾಚಿಯನ್ನು ತಿಂದು ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಒಡೆದು ಮರಿ ತಿನ್ನುವ ವಯಸ್ಸಿಗೆ ಬರುವ ಹೊತ್ತಿಗೆ ನೀರಿನ ಹಸಿರು ಶುರುವಾಗಿರಬೇಕು. ತಾಯಿಯ ಊಟ ಒಂದು ಸುಗ್ಗಿಯದ್ದು, ಮರಿಯ ಊಟ ಮುಂದಿನ ಸುಗ್ಗಿಯದ್ದು, ನಡುವೆ ಕೆಲವು ವಾರಗಳ ಅಂತರ. 1997ರಿಂದ 2009ರ ಮಾಹಿತಿ ನೋಡಿದರೆ ಆರ್ಕ್ಟಿಕ್‌ನ ಕೆಲವು ಭಾಗಗಳಲ್ಲಿ ಹಸಿರಿನ ಸುಗ್ಗಿ 50 ದಿನಗಳವರೆಗೂ ಮುಂಚಿತವಾಗಿದೆ. ಎರಡು ಸುಗ್ಗಿಗಳ ನಡುವಿನ ಅಂತರ ಕುಗ್ಗಿದರೆ ಮರಿ ಕಣ್ಣು ಬಿಡುವ ಹೊತ್ತಿಗೆ ಊಟ ಮುಗಿದಿರುತ್ತದೆ. ಈ ಕೊಪಿಪಾಡ್‌ನ ಮೈಯಲ್ಲಿ ಕೊಬ್ಬು ತುಂಬಿರುತ್ತದೆ; ಅದನ್ನು ನಂಬಿ ಪೋಲಾರ್ ಕಾಡ್ ಮೀನು, ಆ ಮೀನನ್ನು ನಂಬಿ ಸೀಲ್, ಸೀಲನ್ನು ನಂಬಿ ಹಿಮಕರಡಿ. ದಕ್ಷಿಣದಿಂದ ಬೆಚ್ಚನೆಯ ನೀರಿನೊಂದಿಗೆ ಏರಿ ಬರುತ್ತಿರುವ ಕಲಾನಸ್ ಫಿನ್ಮಾರ್ಕಿಕಸ್ ಅದಕ್ಕಿಂತ ಸಣ್ಣದು, ಕೊಬ್ಬೂ ಕಡಿಮೆ. ಬುತ್ತಿಯ ಸಂಖ್ಯೆ ಅಷ್ಟೇ ಇದ್ದರೂ ಒಳಗಿನ ಅನ್ನ ಕಡಿಮೆಯಾದಂತೆ.

ಮತ್ತೊಂದು ಕಡೆ, ಶರತ್ಕಾಲದಲ್ಲಿ ಹಿಮ ಕಟ್ಟುವುದು ತಡವಾಗುತ್ತಿರುವುದರಿಂದ ಗಾಳಿ ತೆರೆದ ನೀರನ್ನು ಮತ್ತೆ ಕಡೆದು ಎರಡನೇ ಸುಗ್ಗಿಯೊಂದು ಕಾಣಿಸಿಕೊಳ್ಳತೊಡಗಿದೆ. ಏಣೆಲು, ಸುಗ್ಗಿ ಎಂದು ಎರಡು ಬೆಳೆ ತೆಗೆಯುವ ಗದ್ದೆಯಂತೆ. ಧ್ರುವಕ್ಕೆ ಇದು ಹೊಸತು.

ಯಾರ ಹಸಿರು ಎಂಬ ಪ್ರಶ್ನೆ ಇನ್ನೂ ಮುಖ್ಯ. ಕೆನಡಾದ ಉತ್ತರಕ್ಕಿರುವ ಆಳದ ಕಡಲಿನಲ್ಲಿ ನದಿಯ ನೀರು, ಕರಗಿದ ಹಿಮದ ನೀರು ಎಲ್ಲ ಸೇರಿ ಮೇಲಿನ ಸಿಹಿಪದರ ದಪ್ಪವಾಗುತ್ತಾ ಬಂದಿದೆ. ಮೊದಲು ಹೇಳಿದ ಎಣ್ಣೆಯ ಪದರ ತೆಳ್ಳಗಿದ್ದರೆ ಒಳ್ಳೆಯದು, ಬೆಳಕಿನಲ್ಲಿ ಹಿಡಿದಿಡುತ್ತದೆ. ತೀರಾ ದಪ್ಪವಾದರೆ ಕೆಳಗಿನ ಗೊಬ್ಬರ ಮೇಲೆ ಬರುವ ಬಾಗಿಲೇ ಮುಚ್ಚುತ್ತದೆ. ಗೊಬ್ಬರ ಕಡಿಮೆಯಾದ ನೀರಿನಲ್ಲಿ ದೊಡ್ಡ ಡಯಾಟಮ್ ಸೋಲುತ್ತದೆ, ಕಿರಿದು ಗೆಲ್ಲುತ್ತದೆ. ಕಿರಿ ಕೋಶಕ್ಕೆ ಮೈಗೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಚೂರುಪಾರು ಇದ್ದರೂ ಹೀರಿಕೊಳ್ಳುತ್ತದೆ. ಅಲ್ಲಿ ಮೈಕ್ರೋಮೊನಾಸ್ ಎಂಬ, ಮಿಲಿಮೀಟರಿನ ಸಾವಿರದ ಒಂದೆರಡು ಪಾಲಿನಷ್ಟು ಸಣ್ಣ ಪಾಚಿ ಹೆಚ್ಚುತ್ತಿರುವುದನ್ನು 2009ರಲ್ಲಿ ವರದಿ ಮಾಡಿದರು.

ಸಣ್ಣದಾದರೆ ನಷ್ಟವೇನು? ಡಯಾಟಮನ್ನು ಕೊಪಿಪಾಡ್ ನೇರವಾಗಿ ತಿನ್ನುತ್ತದೆ, ಕೊಪಿಪಾಡನ್ನು ಮೀನು ತಿನ್ನುತ್ತದೆ. ಮೈಕ್ರೋಮೊನಾಸ್ ಕೊಪಿಪಾಡಿನ ಬಾಯಿಗೇ ಸಿಗದಷ್ಟು ಸಣ್ಣದು. ಅದನ್ನು ಮೊದಲು ಇನ್ನೊಂದು ಒಂಟಿಕೋಶದ ಜೀವಿ ತಿನ್ನಬೇಕು, ಅದನ್ನು ಮತ್ತೊಂದು, ಆಮೇಲೆ ಕೊಪಿಪಾಡ್. ಪ್ರತಿ ಕೈ ಬದಲಾದಾಗಲೂ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮುಂದಕ್ಕೆ ಹೋಗುತ್ತದೆ. ಉಳಿದದ್ದು ಉಸಿರಾಟಕ್ಕೆ, ಓಡಾಟಕ್ಕೆ ಖರ್ಚು. ದೋಣಿಯಿಂದ ನೇರ ಮನೆಗೆ ಬಂದ ಮೀನಿಗೂ ನಾಲ್ಕು ದಲ್ಲಾಳಿಗಳ ಕೈದಾಟಿ ಬಂದ ಮೀನಿಗೂ ಇರುವ ವ್ಯತ್ಯಾಸ ಪೇಟೆಗೆ ಹೋಗುವವರಿಗೆ ಗೊತ್ತು. ಹಸಿರಿನ ಮೊತ್ತ ಅಷ್ಟೇ ಇದ್ದರೂ ಕೊನೆಗೆ ಮೀನಿಗೆ ಸಿಗುವುದು ಕಡಿಮೆ.

ಊರು ಬಿಟ್ಟು ಊರಿಗೆ ಹೋಗುವವರೂ ಉಂಟು. ನಿಯೋಡೆಂಟಿಕ್ಯುಲಾ ಸೆಮಿನೇ ಎಂಬ ಪೆಸಿಫಿಕ್‌ನ ಡಯಾಟಮ್ ಉತ್ತರ ಅಟ್ಲಾಂಟಿಕ್‌ನಿಂದ ಸುಮಾರು 8 ಲಕ್ಷ ವರ್ಷಗಳ ಹಿಂದೆ ಮರೆಯಾಗಿತ್ತು. 1999ರಲ್ಲಿ ಅದು ಲ್ಯಾಬ್ರಡಾರ್ ಕಡಲಿನಲ್ಲಿ ಮತ್ತೆ ಸಿಕ್ಕಿತು. ಆರ್ಕ್ಟಿಕ್‌ನ ಹಿಮ ಸರಿದು ಎರಡು ಸಾಗರಗಳ ನಡುವೆ ದಾರಿ ತೆರೆದದ್ದರಿಂದ ಬಂದಿರಬೇಕೆಂದು ಸಂಶೋಧಕರ ಅಭಿಪ್ರಾಯ. ಮನುಷ್ಯ ಜಾತಿ ಹುಟ್ಟುವುದಕ್ಕೂ ಮೊದಲು ಮುಚ್ಚಿದ್ದ ಬಾಗಿಲೊಂದನ್ನು ನಮ್ಮ ಹೊಗೆ ತೆರೆದಿದೆ.

ಎಲ್ಲಿ ಹೋಗಿ ಬೀಳುತ್ತದೆ ಎಂಬುದಕ್ಕೆ 2012ರದ್ದೇ ಒಂದು ದೃಶ್ಯ. ಹಿಮ ಅತಿ ಕಡಿಮೆಯಾದ ಆ ಬೇಸಗೆಯಲ್ಲಿ ಮಧ್ಯ ಆರ್ಕ್ಟಿಕ್‌ನ ಸುಮಾರು 4,000 ಮೀಟರ್ ಆಳದ ತಳಕ್ಕೆ ಕ್ಯಾಮೆರಾ ಇಳಿಸಿದಾಗ ಅಲ್ಲಲ್ಲಿ ಹಸಿರು ಮುದ್ದೆಗಳು ಬಿದ್ದಿದ್ದವು. ಹಿಮದ ತಳದಲ್ಲಿ ಜಡೆಯಂತೆ ಇಳಿಬಿದ್ದು ಬೆಳೆಯುವ ಮೆಲೊಸಿರಾ ಆರ್ಕ್ಟಿಕಾ ಎಂಬ ಡಯಾಟಮ್, ಹಿಮ ಕರಗಿದಾಗ ಹಿಡಿತ ತಪ್ಪಿ ನೇರ ಕೆಳಗೆ ಬಿದ್ದಿತ್ತು. ಕಡಲಸೌತೆ ಎಂಬ, ತಳದಲ್ಲಿ ತೆವಳುವ ಮೆತ್ತನೆಯ ಪ್ರಾಣಿಗಳು ಅದನ್ನು ಮೇಯುತ್ತಿದ್ದವು. ಗಾಳಿಯಿಂದ ಹೀರಿದ ಇಂಗಾಲ ಹೀಗೆ ಆಳಕ್ಕೆ ಇಳಿದರೆ ಬಹುಕಾಲ ಮೇಲೆ ಬರುವುದಿಲ್ಲ. ಗಾಜಿನ ಚಿಪ್ಪಿನ ಭಾರ ಇರುವ ಡಯಾಟಮ್ ಇಳಿಯುತ್ತದೆ. ಮೈಕ್ರೋಮೊನಾಸ್‌ನಂಥದ್ದು ಮೇಲೆಯೇ ತಿನ್ನಿಸಿಕೊಂಡು, ಅದರ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ಮೆಲೊಸಿರಾಗೆ ಅಂಟಿಕೊಳ್ಳಲು ಹಿಮವೇ ಇಲ್ಲದ ಬೇಸಗೆ ಬಂದರೆ ಈ ಇಳಿಯುವಿಕೆಯೂ ನಿಲ್ಲುತ್ತದೆ.

ದಕ್ಷಿಣ ಧ್ರುವದ ಕಥೆಗೆ ಬೀಗ ಬೇರೆ, ಬೀಗದ ಕೈ ಬೇರೆ. ಅಂಟಾರ್ಕ್ಟಿಕಾದ ಸುತ್ತಲಿನ ದಕ್ಷಿಣ ಮಹಾಸಾಗರದಲ್ಲಿ ನೈಟ್ರೇಟ್ ಬೇಕಾದಷ್ಟು ಉಂಟು, ಬೇಸಗೆಯಲ್ಲಿ ಬೆಳಕೂ ಉಂಟು. ಆದರೂ ಬಹುಪಾಲು ನೀರು ಹಸಿರಾಗುವುದಿಲ್ಲ. ಕಾರಣ ಕಬ್ಬಿಣ. ನಾವು ಮುರಕಲ್ಲಿನ ಮೇಲೆ ಹುಟ್ಟಿ ಬೆಳೆದವರು. ಗೋಡೆ ಕೆಂಪು, ಅಂಗಳದ ಧೂಳು ಕೆಂಪು, ಆಟಿ ತಿಂಗಳಲ್ಲಿ ಉಪ್ಪಳ ಹೊಳೆ, ಶಿರಿಯಾ ಹೊಳೆ, ಚಂದ್ರಗಿರಿ ಎಲ್ಲ ಕೆಂಪಾಗಿ ಕಡಲಿಗೆ ಬೀಳುತ್ತವೆ. ಆ ಕೆಂಪು ಕಬ್ಬಿಣದ ತುಕ್ಕಿನ ಬಣ್ಣವೇ. ಅಂಟಾರ್ಕ್ಟಿಕಾದ ಸುತ್ತ ಹೊಳೆಯಿಲ್ಲ, ಬರಿಮಣ್ಣಿನ ನೆಲವೂ ಬಹುಮಟ್ಟಿಗೆ ಇಲ್ಲ, ಎಲ್ಲ ಹಿಮದಡಿ. ದಕ್ಷಿಣ ಅಮೆರಿಕದ ತುದಿಯ ಪಟಗೋನಿಯಾದ ಧೂಳು, ಕರಗುವ ನೀರ್ಗಲ್ಲು, ಅಲ್ಲಲ್ಲಿನ ದ್ವೀಪಗಳ ಕೆಸರು, ತಿಮಿಂಗಿಲಗಳ ಮಲ, ಇಂಥವುಗಳಿಂದ ಬಂದ ಕಬ್ಬಿಣವೇ ಗತಿ. ಪತ್ರಹರಿತ್ತು ತಯಾರಿಸುವುದಕ್ಕೂ ನೈಟ್ರೇಟ್ ಬಳಸುವುದಕ್ಕೂ ಕಬ್ಬಿಣ ಬೇಕೇಬೇಕು.

ಇದನ್ನು ಕಂಡುಹಿಡಿಯಲು ತಡವಾದದ್ದಕ್ಕೆ ಕಾರಣವೂ ಸ್ವಾರಸ್ಯದ್ದು. ನೀರು ಸಂಗ್ರಹಿಸುವ ಹಡಗೇ ಕಬ್ಬಿಣದ್ದು, ಕಡಲಿಗೆ ಇಳಿಬಿಡುವ ಹಗ್ಗವೂ ಉಕ್ಕಿನದ್ದು. ಮಾದರಿಯೊಳಗೆ ತುಕ್ಕು ಸೇರಿ ಕಡಲಲ್ಲಿ ಕಬ್ಬಿಣ ಧಾರಾಳ ಇದೆಯೆಂದು ತೋರುತ್ತಿತ್ತು. ಅಮೆರಿಕದ ಜಾನ್ ಮಾರ್ಟಿನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಲೋಹ ಸೋಕದಂತೆ ಅಳೆದು ನೋಡಿದಾಗ ನಿಜವಾದ ಬಡತನ ಗೊತ್ತಾಯಿತು.

ಹಾಗಾದರೆ ಕಬ್ಬಿಣ ಸುರಿದು ಡಯಾಟಮ್ ಬೆಳೆಸಿ ಇಂಗಾಲವನ್ನು ಮುಳುಗಿಸಬಹುದೇ? 2009ರಲ್ಲಿ ನಮ್ಮ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯೂ ಸೇರಿ ಇದನ್ನು ಪರೀಕ್ಷಿಸಿದವು. ಹೆಸರು ಲೋಹಾಫೆಕ್ಸ್, ಹಿಂದಿಯ ‘ಲೋಹಾ’ವೇ ಅದರಲ್ಲಿರುವುದು. ದಕ್ಷಿಣ ಅಟ್ಲಾಂಟಿಕ್ ಕಡೆಯ ಒಂದು ಸುಳಿಯೊಳಗೆ 300 ಚದರ ಕಿಲೋಮೀಟರ್ ಜಾಗಕ್ಕೆ 6 ಟನ್ ಕರಗಿದ ಕಬ್ಬಿಣ ಬೆರೆಸಿ 39 ದಿನ ಹಿಂಬಾಲಿಸಿದರು. ಎರಡು ವಾರದಲ್ಲಿ ಸಸ್ಯಪ್ಲವಕ ಇಮ್ಮಡಿಯಾಯಿತು. ಅಲ್ಲಿಗೆ ನಿಂತಿತು. ಆ ನೀರಿನಲ್ಲಿ ಸಿಲಿಕಾ ಮೊದಲೇ ಮುಗಿದಿದ್ದರಿಂದ ಡಯಾಟಮ್ ಬೆಳೆಯಲಿಲ್ಲ, ಬೆಳೆದ ಮೆತ್ತನೆಯ ಪಾಚಿಯನ್ನು ಕೊಪಿಪಾಡ್‌ಗಳು ತಿಂದು ಮುಗಿಸಿದವು, ಆಳಕ್ಕೆ ಇಳಿದ ಇಂಗಾಲ ಅತ್ಯಲ್ಪ. ಎಣಿಸಿದಂತೆ ಆಗದಿದ್ದರೂ ಇದನ್ನು ನಾನು ಸೋಲು ಎನ್ನುವುದಿಲ್ಲ. ಕಡಲಿಗೆ ಒಂದು ಚಮಚ ಮದ್ದು ಹಾಕಿ ಹವಾಮಾನ ಗುಣಪಡಿಸಬಹುದೆಂಬ ಆಸೆಗೆ ಇಷ್ಟು ಸ್ಪಷ್ಟ ಉತ್ತರ ಕೊಟ್ಟ ಪ್ರಯೋಗದಲ್ಲಿ ನಮ್ಮ ದೇಶದ ಕೈ ಇತ್ತು ಎಂಬುದು ನನಗೆ ಹೆಮ್ಮೆ.

ಬೇಕೆಂದು ಮಾಡದ ಪ್ರಯೋಗಗಳೂ ನಡೆಯುತ್ತಿವೆ. 2019–20ರಲ್ಲಿ ಆಸ್ಟ್ರೇಲಿಯಾದ ಕಾಡುಗಳು ಹೊತ್ತಿ ಉರಿದಾಗ ಕಬ್ಬಿಣ ತುಂಬಿದ ಬೂದಿ ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಹೋಗಿ ದಕ್ಷಿಣದ ಕಡಲಿಗೆ ಬಿದ್ದಿತು. ಆಸ್ಟ್ರೇಲಿಯಾ ಖಂಡಕ್ಕಿಂತ ಅಗಲದ ಹಸಿರು ಹಬ್ಬಿತು.

ಅಂಟಾರ್ಕ್ಟಿಕ್‌ನ ಕಡಲಹಿಮ ಬಹುಕಾಲ ಎಲ್ಲರ ಎಣಿಕೆಯನ್ನು ತಪ್ಪಿಸುತ್ತಲೇ ಬಂತು. 2014ರ ಚಳಿಗಾಲದಲ್ಲಿ ಅದು 2 ಕೋಟಿ ಚದರ ಕಿಲೋಮೀಟರ್ ದಾಟಿ ದಾಖಲೆ ಮಾಡಿತು. ಒಂಬತ್ತು ವರ್ಷ ಕಳೆದು, 2023ರ ಚಳಿಗಾಲದ ತುದಿಯಲ್ಲೂ 1.7 ಕೋಟಿ ಮುಟ್ಟಲಿಲ್ಲ. ಅಲ್ಲಿ ಹಿಮ ಹೋದರೆ ಮೊದಲ ಪೆಟ್ಟು ಕ್ರಿಲ್‌ಗೆ. ನೋಡಲು ನಮ್ಮ ಎಟ್ಟಿಯಂತೆ, ಅಂದರೆ ಸಿಗಡಿಯಂತೆ, ಬೆಳೆದರೆ ಆರು ಸೆಂಟಿಮೀಟರ್. ಪೆಂಗ್ವಿನ್, ಸೀಲ್, ತಿಮಿಂಗಿಲ ಎಲ್ಲಕ್ಕೂ ಇದೇ ಅನ್ನ. ಅದರ ಮರಿಗಳು ಮೊದಲ ಚಳಿಗಾಲವನ್ನು ಹಿಮದ ತಳದ ಪಾಚಿಯನ್ನು ಕೆರೆದು ತಿಂದು ಕಳೆಯುತ್ತವೆ. ವೇಗವಾಗಿ ಬಿಸಿಯಾದ ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಪಶ್ಚಿಮ ದಡದಲ್ಲಿ ಮೂವತ್ತು ವರ್ಷಗಳಲ್ಲಿ ಬೇಸಗೆಯ ಹಸಿರು ಶೇ. 12ರಷ್ಟು ಇಳಿದಿದೆ ಎಂದು 2009ರಲ್ಲಿ ಪ್ರಕಟವಾಯಿತು. ಆ ಸರಾಸರಿಯೊಳಗೆ ಎರಡು ಕಥೆ: ಉತ್ತರದ ತುದಿಯಲ್ಲಿ ಹಿಮ ಹೋಗಿ ಗಾಳಿ ನೀರನ್ನು ಆಳಕ್ಕೆ ಕಡೆದು ಹಸಿರು ಕುಸಿಯಿತು, ದಕ್ಷಿಣದಲ್ಲಿ ಮೊದಲು ಸದಾ ಹಿಮ ಮುಚ್ಚಿದ್ದಲ್ಲಿ ಬೆಳಕು ಬಿದ್ದು ಹಸಿರು ಹೆಚ್ಚಿತು. ಒಂದೇ ದಡ, ಒಂದೇ ಬಿಸಿ, ಎರಡು ಫಲ. ಸ್ವೆರ್ಡ್ರುಪ್ ಲೆಕ್ಕ ನೆನಪಿದ್ದವರಿಗೆ ಇದು ಒಗಟಾಗದು.

ಇಷ್ಟು ದೂರದ್ದು ನಮಗೇಕೆ ಎಂದು ಯಾರಾದರೂ ಕೇಳಿದರೆ ನಾನು ಮಕ್ಕಳಿಗೆ ಸುರಂಗ ತೋರಿಸುತ್ತೇನೆ. ನಮ್ಮ ಕಡೆಯ ತೋಟಗಳಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಫೆಬ್ರವರಿಯಲ್ಲೂ ತೊಟ್ಟಿಗೆ ನೀರು ಬೀಳುತ್ತಿರುತ್ತದೆ. ಆ ನೀರು ಅಂದಿನದಲ್ಲ. ತಿಂಗಳುಗಳ ಹಿಂದೆ ಗುಡ್ಡದ ನೆತ್ತಿಗೆ ಬಿದ್ದ ಮಳೆ. ಕಡಲಿಗೂ ಇಂಥ ಸುರಂಗ ಉಂಟು. ದಕ್ಷಿಣ ಮಹಾಸಾಗರದ ಉತ್ತರದ ಅಂಚಿನಲ್ಲಿ ಗೊಬ್ಬರ ತುಂಬಿದ ತಣ್ಣನೆಯ ನೀರು ಮುಳುಗಿ, ಕೆಲವು ನೂರು ಮೀಟರ್ ಆಳದಲ್ಲಿ ಹರಿದು, ಮೂರು ಸಾಗರಗಳಿಗೂ ಹೋಗುತ್ತದೆ. ದಕ್ಷಿಣ ಅಕ್ಷಾಂಶ 30 ಡಿಗ್ರಿಯಿಂದ ಉತ್ತರಕ್ಕೆ ಇರುವ ಕಡಲುಗಳ ಜೈವಿಕ ಉತ್ಪಾದನೆಯ ಮುಕ್ಕಾಲು ಪಾಲಿನವರೆಗೂ ಈ ನೀರು ತರುವ ಪೋಷಕಾಂಶವೇ ಆಧಾರ ಎಂದು 2004ರ ಒಂದು ಲೆಕ್ಕಾಚಾರ ತೋರಿಸಿತು. ಅರಬ್ಬೀ ಸಮುದ್ರಕ್ಕೂ ದಕ್ಷಿಣದಿಂದ ಈ ಪೂರೈಕೆ ಉಂಟು.

ಅಲ್ಲಿನ ಹಿಮ ಹೋಗಿ, ನೀರು ಬೆಚ್ಚಗಾಗಿ, ಸಸ್ಯಪ್ಲವಕ ಇನ್ನಷ್ಟು ಬೆಳೆದರೆ ಗೊಬ್ಬರವನ್ನು ಅವು ಅಲ್ಲೇ ಉಂಡು ಅಲ್ಲೇ ಮುಳುಗಿಸುತ್ತವೆ. ಸುರಂಗಕ್ಕೆ ಇಳಿಯುವ ನೀರು ಬಡವಾಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹೊಗೆ ಉಗುಳುವುದು ಹೀಗೇ ಹೆಚ್ಚುತ್ತಾ ಹೋದರೆ 2300ರ ಹೊತ್ತಿಗೆ ಏನೆಂದು ಕಂಪ್ಯೂಟರ್ ಮಾದರಿಯಲ್ಲಿ ನೋಡಿತು. ಜಗತ್ತಿನ ಮೀನುಗಾರಿಕೆಯ ಸಾಧ್ಯತೆ ಸರಾಸರಿ ಶೇ. 20ರಷ್ಟು ಇಳಿಯುತ್ತದೆ ಎಂದು ಬಂತು. ದಕ್ಷಿಣ ಧ್ರುವದಲ್ಲಿ ಹಸಿರು ಹೆಚ್ಚಾದದ್ದೇ ಉಳಿದ ಕಡೆ ಹಸಿರು ಕಡಿಮೆಯಾಗಲು ಕಾರಣ.

ಬೂತಾಯಿ ಏರಿಳಿಯುವುದನ್ನೆಲ್ಲ ಧ್ರುವದ ತಲೆಗೆ ಕಟ್ಟಬಾರದು. ಕೇರಳದ ದಡದಲ್ಲಿ 2012ರಲ್ಲಿ 4 ಲಕ್ಷ ಟನ್‌ಗೆ ಹತ್ತಿರ ಸಿಕ್ಕಿದ್ದ ಮತ್ತಿ, ಅಂದರೆ ಇದೇ ಬೂತಾಯಿ, 2021ರಲ್ಲಿ ಸುಮಾರು 3,300 ಟನ್‌ಗೆ ಕುಸಿದದ್ದು ಮೊಗವೀರ ಕೇರಿಗಳಲ್ಲಿ ಇನ್ನೂ ಹಸಿ ನೆನಪು. ಅದಕ್ಕೆ ಪೆಸಿಫಿಕ್ ನೀರು ಬಿಸಿಯಾಗುವ ಎಲ್ ನಿನೊ, ಮಳೆಗಾಳಿಯ ವ್ಯತ್ಯಾಸ, ಮರಿಮೀನು ಹಿಡಿದದ್ದು ಹೀಗೆ ಹತ್ತಿರದ ಕಾರಣಗಳೇ ಬೇಕಾದಷ್ಟಿವೆ. ಧ್ರುವದ ಕೈ ನಿಧಾನದ್ದು. ನಮ್ಮವರೂ ಅದನ್ನು ಅಳೆಯುತ್ತಿದ್ದಾರೆ. ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಕೊಂಗ್ಸ್‌ಫ್ಯೋರ್ಡನ್ ಕೊಲ್ಲಿಯಲ್ಲಿ, ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರದ ಹತ್ತಿರ, 192 ಮೀಟರ್ ಆಳದ ನೀರಿನಲ್ಲಿ 2014ರಲ್ಲಿ ಇಂಡಾರ್ಕ್ ಎಂಬ ಉಪಕರಣಗಳ ಸರಪಳಿಯನ್ನು ಇಳಿಬಿಟ್ಟರು. ಕತ್ತಲೆಯ ತಿಂಗಳುಗಳಲ್ಲೂ ನೀರಿನ ಬಿಸಿ, ಉಪ್ಪು ಅಳೆಯುವುದು ಅದರ ಕೆಲಸ. ನಮ್ಮ ಓಷನ್‌ಸ್ಯಾಟ್ ಉಪಗ್ರಹಗಳು ಕಡಲಿನ ಬಣ್ಣ ನೋಡಿ ಹಸಿರು ಎಲ್ಲಿದೆಯೆಂದು ಹೇಳುತ್ತವೆ. ಮೀನು ಸಿಗುವ ಜಾಗದ ಮುನ್ಸೂಚನೆ ನಮ್ಮ ದೋಣಿಗಳವರೆಗೆ ಬರುವುದು ಆ ಮಾಹಿತಿಯ ನೆರವಿನಿಂದ.

ದಕ್ಷಿಣದ ಆ ನೀರು ಮುಳುಗಿ ಇಲ್ಲಿಯವರೆಗೆ ಬರಲು ದಶಕಗಳು ಬೇಕು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದ ಆ ಹುಡುಗಿ ನನ್ನ ಅಮ್ಮನ ಪ್ರಾಯಕ್ಕೆ ಬಂದಾಗ, ಮಂಜೇಶ್ವರದ ದಡದಲ್ಲಿ ಮಳೆಗಾಲದ ಗಾಳಿಗೆ ಮೇಲೇಳುವ ನೀರು ಹೊತ್ತು ತರುವ ಗೊಬ್ಬರದ ಒಂದು ಪಾಲು ಈಗಷ್ಟೇ ಅಲ್ಲಿ ಮುಳುಗುತ್ತಿದೆ.